ಬಸ್ಸಿಗೆ ಕೈ ಮಾಡುವ ಗಂಡಸು

ಕನ್ನೊಳ್ಳಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಕರಿಹಾಳ ಕ್ರಾಸ್ ಎಂಬುದೊಂದಿದೆ. ಕರಿಹಾಳ ಊರು ಅಲ್ಲಿಂದ ಒಳಗೆ, ತೊಗರಿ ಹೊಲಗಳ ಆಚೆ. ಕ್ರಾಸಿನಲ್ಲಿ ಇರುವುದು ಒಂದು ಬೇವಿನ ಮರ, ಅದರ ಬುಡದಲ್ಲಿ ಹಾಸುಗಲ್ಲು, ಎದುರಿಗೆ ಪಂಕ್ಚರ್ ತಿದ್ದುವ ಜೈನುದ್ದೀನನ ತಗಡಿನ ಅಂಗಡಿ. ಅಲ್ಲಿ ಬಸ್ಸು ನಿಲ್ಲಬೇಕಾದರೆ ಗಂಡಸೊಬ್ಬ ಕೈ ಮಾಡಬೇಕು. ಹೆಂಗಸರು ಎಷ್ಟು ಮಂದಿಯಾದರೂ ನಿಂತಿರಲಿ, ಸೆರಗು ಬೀಸಲಿ, ದಾರಿಗೇ ಇಳಿದು ಕೂಗಲಿ, ಚಾಲಕನ ಕಣ್ಣಿಗೆ ಅವರೆಲ್ಲ ದಾರಿಬದಿಯ ಜಾಲಿಗಂಟಿಗಳು. ಬಸ್ಸು ಧೂಳೆಬ್ಬಿಸಿ ಹೋಗಿಬಿಡುತ್ತದೆ. ಸರ್ಕಾರ ಹೆಂಗಸರಿಗೆ ಪ್ರಯಾಣವನ್ನು ಉಚಿತ ಮಾಡಿದ ಮೇಲೆ ಬೆಳೆದ ರೂಢಿ ಇದು. ಯಾವ ಆದೇಶದಲ್ಲಿಯೂ ಇದಿಲ್ಲ, ಯಾವ ಅಧಿಕಾರಿಯೂ ಇದನ್ನು ಒಪ್ಪುವುದಿಲ್ಲ. ಕ್ರಾಸಿನಲ್ಲಿ ನಿಲ್ಲುವ ಹೆಂಗಸರಿಗೆ ಮಾತ್ರ ಇದು ಬಿಸಿಲಿನಷ್ಟೇ ನಿಜ.

ಕೈ ಮಾಡುವ ಗಂಡಸಿನ ಹೆಸರು ಗುರಪ್ಪ. ಅವನನ್ನು ಆ ಜಾಗದಲ್ಲಿ ತಂದು ನಿಲ್ಲಿಸಿದವಳು ಭುವನೇಶ್ವರಿ.

ಭುವನೇಶ್ವರಿಯ ತವರು ಬಸವನ ಬಾಗೇವಾಡಿ ಕಡೆಯ ಇಂಗಳೇಶ್ವರ. ಪಿಯುಸಿ ಓದಿ, ಹೊಲಿಗೆ ಕಲಿತು, ಕರಿಹಾಳದ ಹೊಲಮನೆಯುಳ್ಳ ಕುಟುಂಬಕ್ಕೆ ಸೊಸೆಯಾಗಿ ಬಂದವಳು. ಹೊರಗೆ ಹೋಗಿ ದುಡಿಯುವ ಮಾತನ್ನು ಅವಳು ಎತ್ತಿದಾಗಲೆಲ್ಲ ಅತ್ತೆ ಲಕ್ಕವ್ವನಿಂದ ಬರುತ್ತಿದ್ದ ಉತ್ತರ ಒಂದೇ: “ಗಳಿಸಿದ್ದೆಲ್ಲ ಬಸ್ಸಿಗೇ ಸುರುವಿದ್ರ ಮನಿಗೇನ ಬಂತಬೇ? ನೀ ದುಡಿಯೂದು, ಡ್ರಾಯವರ ಉಣ್ಣೂದು.”

ಲಕ್ಕವ್ವ ಕೆಟ್ಟವಳಲ್ಲ. ಸೊಸೆ ಹೊಸ್ತಿಲು ದಾಟಬಾರದೆಂಬುದು ಅವಳ ಮನಸ್ಸಿನಲ್ಲಿದ್ದ ಮಾತು. ಬಸ್ಸಿನ ಚಾರ್ಜು ಎಂಬುದು ಬಾಯಿಗೆ ಸಿಕ್ಕ ಮಾತು. ಬಹಳ ವರ್ಷ ಬಾಯಿಯ ಮಾತೇ ಮನಸ್ಸಿನ ಮಾತಿನ ಕೆಲಸವನ್ನೂ ಮಾಡಿಕೊಂಡು ಹೋಗುತ್ತಿತ್ತು. ಪ್ರಯಾಣ ಉಚಿತವಾದ ಸುದ್ದಿ ಬಂದಾಗ ಅವಳಿಗೆ ಬೇರೊಂದು ಕಾರಣ ಕೂಡಲೇ ಒದಗಲಿಲ್ಲ. ಅವಳು ಅದನ್ನು ಹುಡುಕಿಕೊಳ್ಳುವುದರೊಳಗೆ ಭುವನೇಶ್ವರಿ ಮಾತು ಮುಗಿಸಿಬಿಟ್ಟಳು.

“ಈಗ ಪುಕ್ಕಟ ಆಗೇತ್ರಿ ಅತ್ತಿ.”

“ಪುಕ್ಕಟ ಅಂತ ದಿನಾ ತಿರುಗೂದೇನ?”

ರೊಟ್ಟಿ ಮುರಿಯುತ್ತಿದ್ದ ಗಂಡ ಶ್ರೀಶೈಲ ತಲೆ ಎತ್ತದೆಯೇ ಹೇಳಿದ: “ಹೋಗ್ಲಿ ಬಿಡಬೇ. ಸಂಜಿಮುಂದ ರೊಟ್ಟಿ ಬಡಿಯೂ ಹೊತ್ತಿಗಿ ಬಂದ್ರಾತು.”

ಶ್ರೀಶೈಲ ಹೆಂಡತಿಯ ಮೇಲೆ ಎಂದೂ ಕೈ ಎತ್ತಿದವನಲ್ಲ. ಅವಳ ಪರವಾಗಿ ಎಂದೂ ದನಿ ಎತ್ತಿದವನೂ ಅಲ್ಲ. ಅಂದು ಅವನ ಬಾಯಿಂದ ಬಿದ್ದ ಆ ನಾಲ್ಕು ಮಾತನ್ನೇ ಭುವನೇಶ್ವರಿ ಅಪ್ಪಣೆಯೆಂದು ಸೆರಗಿನಲ್ಲಿ ಕಟ್ಟಿಕೊಂಡಳು. ಸಿಂದಗಿಯಲ್ಲಿ ಹೆಂಗಸರೇ ಸೇರಿ ನಡೆಸುವ ಹೊಲಿಗೆ ಕೇಂದ್ರವೊಂದಿತ್ತು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಕಿಟಕಿಯ ಪಕ್ಕದ ಮಿಷಿನ್ನು ಅವಳ ಪಾಲಿಗೆ ಬಂತು. ಆ ಕಿಟಕಿಯಿಂದ ಕಾಣುತ್ತಿದ್ದುದು ಎದುರಿನ ಗೊಬ್ಬರದಂಗಡಿಯ ಬೆನ್ನು ಮಾತ್ರ. ಆದರೂ ಬೆಳಗಿನಿಂದ ಸಂಜೆಯವರೆಗೆ ಒಂದು ಕಿಟಕಿ ತನ್ನದೆಂದು ಇರುವುದು ಎಂತಹ ಸುಖವೆಂದು ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ತಡವಾಗಿ ಬಂದವರ ಮಿಷಿನ್ನನ್ನು ಕೇಂದ್ರದವರು ಬೇರೆಯವರಿಗೆ ಕೊಡುತ್ತಿದ್ದರು. ಬಸ್ಸುಗಳೋ, ಕ್ರಾಸಿನಲ್ಲಿ ಹೆಂಗಸರನ್ನು ಕಂಡರೆ ವೇಗ ಹೆಚ್ಚಿಸುತ್ತಿದ್ದವು.

ಮೊಸರಿನ ಗಡಿಗೆಯ ಬುಟ್ಟಿ ಹೊತ್ತು ದಿನವೂ ಸಿಂದಗಿಗೆ ಹೋಗುವ ಸುನಂದಾ ಹಣೆಯ ಬೆವರನ್ನು ಬೆರಳಿನಿಂದ ಬಳಿದು ಒಗೆದು ಕೇಳಿದಳು: “ನಾವೇನ ದೆವ್ವ ಆಗೇವೇನ ಭುವನಾ? ಆ ಡ್ರಾಯವರ ಭಾಡ್ಯಾಗ ಕಾಣವಲ್ವೇನ ನಾವು?”

“ದೆವ್ವ ಆಗಿದ್ರ ಅಂಜಿಯರ ಬ್ರೇಕ್ ಹಾಕತಿದ್ದ, ಅಕ್ಕಾ.”

ಹೀಗೆ ನಗುತ್ತ, ಬಯ್ಯುತ್ತ, ಅರ್ಧ ದಾರಿ ನಡೆಯುತ್ತ, ಸಿಕ್ಕ ಟ್ರ್ಯಾಕ್ಟರು ಹತ್ತುತ್ತ ಅವರು ದಿನ ದೂಡುತ್ತಿದ್ದಾಗ ಒಂದು ಮುಂಜಾನೆ ಆ ಸಂಗತಿ ನಡೆಯಿತು. ಬೇವಿನ ಮರದ ಕೆಳಗೆ ಕುಳಿತಿದ್ದ ಗುರಪ್ಪ, ಎದುರಿನ ಜೈನುದ್ದೀನನಿಂದ ಕಡ್ಡಿಪೆಟ್ಟಿಗೆ ತರಿಸಿಕೊಳ್ಳಲೆಂದು ಎದ್ದು ನಿಂತು ಕೈ ಬೀಸಿದ. ಅದೇ ಹೊತ್ತಿಗೆ ಬಂದ ಬಸ್ಸು ಕೀರೆಂದು ನಿಂತಿತು. ಹೆಂಗಸರು ಒಂದು ಗಳಿಗೆ ಬೆಪ್ಪಾಗಿ ನಿಂತು, ಮರುಗಳಿಗೆಯಲ್ಲಿ ಬುಟ್ಟಿ ಚೀಲಗಳೊಡನೆ ಓಡಿ ಹತ್ತಿದರು. ಗುರಪ್ಪ ಬೀಡಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಅವರನ್ನು ನೋಡುತ್ತಲೇ ಇದ್ದ.

ಈ ಗುರಪ್ಪನನ್ನು ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿದವರಲ್ಲ. ಪಂಚಾಯಿತಿ ಚುನಾವಣೆಗೆ ಎರಡು ಸಲ ನಿಂತು ಎರಡು ಸಲವೂ ಬಿದ್ದಿದ್ದ. ಮೂರನೆಯ ಸಲ ಆ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಹೆಂಡತಿಯನ್ನು ನಿಲ್ಲಿಸಿ ತಾನು ಆಳಬೇಕೆಂದು ಹೊರಟರೆ ಆ ತಾಯಿ, “ಆರಿಸಿ ಬಂದ್ರ ಕುರ್ಚಿ ಮ್ಯಾಲ ನಾನs ಕುಂಡರಾಕಿ. ನೀ ಮನ್ಯಾಗ ಎಮ್ಮಿ ಹಿಂಡು,” ಎಂದಳಂತೆ. ಗುರಪ್ಪ ಆ ಆಸೆಯನ್ನು ಅಲ್ಲಿಗೇ ಬಿಟ್ಟು, ಬೇವಿನ ನೆರಳು ಸೇರಿದ್ದ.

ಮರುದಿನ ಭುವನೇಶ್ವರಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವನೆದುರು ನಿಂತಳು. ಗಂಡನ ಊರಿನ ಹಿರಿಯ ಗಂಡಸರೆಲ್ಲ ಸೊಸೆಯರಿಗೆ ಮಾವಂದಿರೇ.

“ಮಾವಾರ, ನಿನ್ನಿ ಮಾಡಿದ್ರೆಲಾ, ಹಂಗ ಇವತ್ತೂ ಒಂದೀಟ ಕೈ ಮಾಡ್ತೀರೇನ್ರಿ?”

“ನಾ ಎಲ್ಲಿಗಿ ಹೋಗಬೇಕವಾ?”

“ಹೋಗೂದ ಬ್ಯಾಡ್ರಿ. ಬರೇ ನಿಂತು ಕೈ ಮಾಡ್ರಿ. ನಾವು ಹತ್ತತೇವಿ.”

ಗುರಪ್ಪ ನಾಚಿಕೊಂಡ. ಹೆಂಗಸರ ಗುಂಪಿನ ಮುಂದೆ ನಿಂತು ಕೈ ಚಾಚುವುದು ಅವನಿಗೆ ಮೊದಮೊದಲು ವೇಷ ಕಟ್ಟಿದ ಹಾಗಿತ್ತು. ಆದರೆ ಅಷ್ಟು ದೊಡ್ಡ ಬಸ್ಸು ತನ್ನ ಐದು ಬೆರಳಿಗೆ ಅಂಜಿ ನಿಲ್ಲುವುದನ್ನು ದಿನವೂ ನೋಡುತ್ತ ನೋಡುತ್ತ ಅವನ ನಾಚಿಕೆ ಕರಗಿತು. ನಿರ್ವಾಹಕನೊಬ್ಬ ಬಾಗಿಲಿನಿಂದ ಬಗ್ಗಿ, “ಏ ಹಿರ್ಯಾ, ಕೈ ಮಾಡ್ತಿ, ಹತ್ತೂದಿಲ್ಲ?” ಎಂದು ಗದರಿದಾಗ ಗುರಪ್ಪ ಎದೆ ಮುಂದೆ ಮಾಡಿ ಹೇಳಿದ: “ನಾ ಹತ್ತಂವ ಅಲ್ಲೋ ತಮ್ಮಾ, ಹತ್ತಸಂವ.”

ಈ ಮಾತು ಊರ ತುಂಬ ಹಬ್ಬಿತು. ಹೆಂಗಸರು ಸಂತೆಯಿಂದ ಬರುವಾಗ ಅವನಿಗೆ ಎಲೆಯಡಿಕೆ ತಂದರು, ಮಿರ್ಚಿ ಭಜಿ ತಂದರು. ಚಾಲಕರಿಗೂ ಆಟ ತಿಳಿಯಿತು; ಈ ಮುದುಕ ಟಿಕೆಟ್ಟು ಕೊಳ್ಳುವ ಗಿರಾಕಿಯಲ್ಲವೆಂದು ಗೊತ್ತಾಯಿತು. ಗೊತ್ತಾದ ಮೇಲೂ ಅವರು ನಿಲ್ಲಿಸಿದರು. ಅದನ್ನು ಕಂಡ ದಿನ ಭುವನೇಶ್ವರಿ ಬಸ್ಸಿನ ಬಾಗಿಲ ಮುಂದೆ ನಿಂತುಬಿಟ್ಟಳು. ಇದು ಟಿಕೆಟ್ಟಿನ ಮಾತು, ಡ್ರೈವರನಿಗೆ ಮೇಲಿನವರ ಕಾಟವಿರಬಹುದು ಎಂದು ಅವಳು ಇಷ್ಟು ದಿನ ಸಮಾಧಾನ ಹೇಳಿಕೊಂಡಿದ್ದಳು. ಟಿಕೆಟ್ಟಿಲ್ಲದ ಗಂಡಸಿನ ಕೈಗೂ ನಿಲ್ಲುವ ಬಸ್ಸಿಗೆ ಏನು ಹೆಸರಿಡುವುದು? ಆದರೆ ಯೋಚಿಸುತ್ತ ನಿಂತರೆ ಮಿಷಿನ್ನು ಹೋಗುತ್ತದೆ. ಅವಳು ಹತ್ತಿದಳು, ಕಿಟಕಿಯ ಪಕ್ಕ ಕುಳಿತಳು, ಸೊನ್ನೆ ರೂಪಾಯಿಯ ಟಿಕೆಟ್ಟು ಪಡೆದಳು.

ವರ್ಷ ತಿರುಗುವುದರೊಳಗೆ ಗುರಪ್ಪ ಬೇರೆ ಮನುಷ್ಯನಾದ. ಮಡಿ ಧೋತರ, ಇಸ್ತ್ರಿಯ ಅಂಗಿ, ಬಿಳಿ ಟೊಪ್ಪಿಗೆ. ಜೈನುದ್ದೀನ ಅವನಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟ. ಕುರ್ಚಿಯ ಜೊತೆಗೇ ಪ್ರಶ್ನೆಗಳೂ ಬಂದವು.

“ಎಲ್ಲಿಗಿ ಹೊಂಟಿ ತಂಗಿ?”

“ದವಾಖಾನಿಗ್ರಿ.”

“ಗಂಡಗ ಹೇಳಿ ಬಂದಿಯಿಲ್ಲೋ? ಯಾವಾಗ ಬರ್ತಿ?”

ಮೊದಲಿಗೆ ಅದು ಹಿರಿಯನೊಬ್ಬನ ಅಕ್ಕರೆಯಂತೆ ಕೇಳಿಸಿತು. ಊರಿನ ಗಂಡಸರಿಗಂತೂ ಬಹಳ ಹಿಡಿಸಿತು. ಹೆಂಡತಿ ಹೋದದ್ದು, ಬಂದದ್ದು ತಿಳಿಯಲು ಈಗ ಹೆಂಡತಿಯನ್ನೇ ಕೇಳಬೇಕಾಗಿರಲಿಲ್ಲ. ಗುರಪ್ಪನಿಗೆ ಫೋನು ಮಾಡಿದರೆ ಸಾಕು. ಪಂಚಾಯಿತಿಯಲ್ಲಿ ಕಾಣದ ಗೌರವವನ್ನು ಅವನು ಕ್ರಾಸಿನಲ್ಲಿ ಕಂಡ.

ಆಮೇಲೊಂದು ದಿನ, ಹೊಸದಾಗಿ ಮದುವೆಯಾಗಿ ಬಂದಿದ್ದ ಸುನೀತಾ ಅಳುತ್ತ ಕ್ರಾಸಿಗೆ ಬಂದಳು. ಕೆನ್ನೆ ಬಾತಿತ್ತು, ಕೈಯಲ್ಲಿ ಬಟ್ಟೆಯ ಗಂಟಿತ್ತು. ಇಂಡಿ ಊರಿನ ಹತ್ತಿರದ ತವರಿಗೆ ಹೊರಟಿದ್ದಳು. ಗುರಪ್ಪ ಕುರ್ಚಿಯಿಂದ ಏಳಲಿಲ್ಲ.

“ಗಂಡಾಹೆಂಡರ ಜಗಳ ಉಂಡು ಮಲಗೂದ್ರಾಗ ಮುಗೀತೈತಿ. ಕುಂಡರವಾ, ಅವರು ಬರ್ತಾರ.”

ಗಂಡನ ಮನೆಯವರು ಬಂದರು, ಕೈ ಹಿಡಿದು ಕರೆದುಕೊಂಡು ಹೋದರು. ಅದಾದ ಮೇಲೆಯೇ ಗುರಪ್ಪ ಎದ್ದು ಮುಂದಿನ ಬಸ್ಸಿಗೆ ಕೈ ಮಾಡಿದ. ಬಾಯಿ ಬಿಟ್ಟರೆ ನಾಳೆ ತನ್ನ ಬಸ್ಸೂ ನಿಲ್ಲದೆಂದು ಪ್ರತಿಯೊಬ್ಬಳಿಗೂ ಗೊತ್ತಿತ್ತು. ಭುವನೇಶ್ವರಿಯೂ ಎಲ್ಲರಂತೆ ಸುಮ್ಮನೆ ಹತ್ತಿದಳು. ಅಂದು ಅವಳು ಹೊಲಿದ ಅಂಗಿಯ ತೋಳು ಉಲ್ಟಾ ಕೂತಿತು. ಬಿಚ್ಚಿ ಮತ್ತೆ ಹೊಲಿದಳು.

ಆ ಚಳಿಗಾಲದಲ್ಲಿ ಶಾಲೆಯ ಬಯಲಿನಲ್ಲಿ ಮಹಿಳಾ ಗ್ರಾಮಸಭೆ ನಡೆಯಿತು. ತಾಲೂಕಿನಿಂದ ವಸುಧಾ ಎಂಬ ಅಧಿಕಾರಿ ಬಂದಿದ್ದರು. ಮನೆಯಲ್ಲಿ ಮರಾಠಿ ಕನ್ನಡ ಎರಡೂ ಆಡುವವರು, ಮಾತಿನಲ್ಲಿ ಮೃದು, ಮುಖದಲ್ಲಿ ದಣಿವು. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು, ಪಂಚಾಯಿತಿಯಲ್ಲಿ ಅರ್ಧ ಸ್ಥಾನ, ಉಚಿತ ಪ್ರಯಾಣ, ಎಲ್ಲವನ್ನೂ ಬಿಡಿಸಿ ಹೇಳಿದರು. ಕೊನೆಗೆ, “ಯಾರಿಗರ ಏನಾದ್ರೂ ತ್ರಾಸ ಇದ್ರ ಹೇಳ್ರಿ,” ಎಂದರು. ಭುವನೇಶ್ವರಿ ಎದ್ದು ನಿಂತಳು.

“ಮೇಡಮ್ಮಾರ, ನೀವು ಹೇಳಿದ್ದೆಲ್ಲಾ ಖರೇ ಐತ್ರಿ. ಬಸ್ಸೂ ಐತಿ, ಆಧಾರ ಕಾರ್ಡೂ ಐತಿ. ನಾವು ಕೈ ಮಾಡಿದ್ರ ಬಸ್ ನಿಂದರೂದಿಲ್ಲ, ಅಷ್ಟs.”

“ಹಂಗಂದ್ರ? ಮತ್ತ ಯಾರು ಕೈ ಮಾಡಿದ್ರ ನಿಲ್ಲತದ?”

ಹಿಂದೆ ಗೋಡೆಗೊರಗಿ ನಿಂತಿದ್ದ ಗಂಡಸರಲ್ಲಿ ಯಾರೋ ಕೂಗಿದರು: “ನಮ್ಮ ಗುರಪ್ಪ ಮಾಡಬೇಕ್ರಿ!” ಬಯಲೆಲ್ಲ ನಕ್ಕಿತು. ಗುರಪ್ಪ ಮುಂದೆ ಬಂದು, ಹೊಗಳಿಸಿಕೊಂಡವನಂತೆ ಕೈ ಮುಗಿದ. ವಸುಧಾ ನಗಲಿಲ್ಲ. ಬರೆದುಕೊಂಡರು. ಮೇಲಕ್ಕೆ ಕಳಿಸಿದರು. ಕಳಿಸಿದ್ದಕ್ಕೆ ಉತ್ತರವೂ ಬಂತು: ಕರಿಹಾಳ ಕ್ರಾಸ್ ಮೊದಲಿನಿಂದಲೂ ಅಧಿಕೃತ ನಿಲುಗಡೆಯಾಗಿದೆ, ಎಲ್ಲ ಬಸ್ಸುಗಳೂ ಅಲ್ಲಿ ನಿಲ್ಲುತ್ತವೆ, ಆದ್ದರಿಂದ ದೂರಿಗೆ ಆಧಾರವಿಲ್ಲ.

ಆದರೆ ಮೇಲಿನವರು ಬರಿಗೈಯಲ್ಲಿ ಬಿಡಲಿಲ್ಲ. ಬೇಸಿಗೆಯ ಹೊತ್ತಿಗೆ ಕ್ರಾಸಿನಲ್ಲಿ ಮಹಿಳಾ ಸ್ನೇಹಿ ತಂಗುದಾಣ ಎದ್ದಿತು. ಗುಲಾಬಿ ಬಣ್ಣದ ಗೋಡೆ, ಮೇಲೆ ಕೈ ಎತ್ತಿ ನಗುತ್ತಿರುವ ಹೆಂಗಸಿನ ಚಿತ್ರ. ಸುನಂದಾ ಅದನ್ನು ಬಹಳ ಹೊತ್ತು ನೋಡಿ, “ಪಾಪ, ಇಕಿಗೂ ನಿಂದರಸೂದಿಲ್ಲ,” ಎಂದಳು. ಉದ್ಘಾಟನೆಯ ದಿನ ಮುಖಂಡರು ಗುರಪ್ಪನಿಗೆ ಶಾಲು ಹೊದಿಸಿ, ಹೆಣ್ಣುಮಕ್ಕಳ ಸುರಕ್ಷಿತ ಪ್ರಯಾಣಕ್ಕೆ ಕಾವಲಾದವನೆಂದು ಹಾಡಿ ಹೊಗಳಿದರು. ಅವನ ಕುರ್ಚಿ ಬಿಸಿಲಿನಿಂದ ತಂಗುದಾಣದ ನೆರಳಿಗೆ ಬಂತು.

ಅಂದು ಮಂದಿ ಚದುರಿದ ಮೇಲೆ ವಸುಧಾ ಭುವನೇಶ್ವರಿಯನ್ನು ಜೀಪಿನ ಮರೆಗೆ ಕರೆದರು. ಆ ಗುಲಾಬಿ ಗೋಡೆಯತ್ತ ಅವರು ನೋಡಲಿಲ್ಲ.

“ನಾ ಕೇಳಿದ್ದು ಒಂದು, ಅವರು ಕೊಟ್ಟಿದ್ದು ಒಂದು. ಅದಿರಲಿ. ಮುದ್ದೇಬಿಹಾಳದಾಗ ಹುಡಿಗ್ಯಾರಿಗೆ ಹೊಲಿಗಿ ಕಲಸೋ ವಸತಿ ಕೇಂದ್ರ ಸುರು ಆಗೇದ. ಕಲಸಾವರು ಬೇಕಾಗ್ಯಾರ. ಇರಲಿಕ್ಕೆ ಖೋಲಿ ಕೊಡ್ತಾರ. ನಿಮಗೊಬ್ಬಾಕಿ ಮಗಳಿದ್ದಾಳಲ್ಲ? ಬಾಜೂಕ್ಕೇ ಹೈಸ್ಕೂಲು ಅದ.”

“ನನಗ ಕೊಡ್ತಾರೇನ್ರಿ?”

“ನಿಮ್ಮ ಹೊಲಿಗಿ ನಾ ನೋಡೇನಿ. ಕೊಡ್ತಾರ. ಬರೂ ಸೋಮವಾರ ಸ್ವತಃ ನೀವೇ ಬಂದು ಹೊಲಿದು ತೋರಸಬೇಕು. ಹನ್ನೊಂದರ ಮ್ಯಾಲೆ ಬಾಗಲಾ ಹಾಕ್ತಾರ, ನಾ ಹೇಳಿದ್ರೂ ತೆಗಿಯೂದಿಲ್ಲ. ನೆನಪಿಡ್ರಿ.”

ಖೋಲಿ, ಇರಲೊಂದು ಕೋಣೆ, ಎಂಬ ಮಾತು ಭುವನೇಶ್ವರಿಯ ತಲೆಯಲ್ಲಿ ಮಿಷಿನ್ನಿನ ಸೂಜಿಯಂತೆ ಓಡತೊಡಗಿತು. ಅವಳ ಮಗಳು ಸೃಷ್ಟಿ ಊರಿನ ಶಾಲೆಯ ಎಂಟನೆಯ ತರಗತಿ ಮುಗಿಸಿದ್ದಳು. ಲಕ್ಕವ್ವ ಆಗಲೇ ತನ್ನ ಅಣ್ಣನ ಮೊಮ್ಮಗನ ಹೆಸರು ಎತ್ತಿದ್ದಳು. “ಈಗ ಮಾತ ಮುಗಿಸಿ ಇಡೂಣು. ಲಗ್ನ ಹದಿನೆಂಟಕ್ಕ ಮಾಡೂಣು, ಕಾಯ್ದೆ ಪ್ರಕಾರ,” ಎನ್ನುವಾಗ ಕಾಯ್ದೆಯೂ ತನ್ನ ಮಾತಿಗೆ ಸಾಕ್ಷಿ ನಿಂತಂತೆ ಅವಳ ದನಿ ಗಟ್ಟಿಯಾಗುತ್ತಿತ್ತು. ಮಾತು ಮುಗಿದ ಹುಡುಗಿ ಎಲ್ಲಿಯವರೆಗೆ ಓದಬೇಕು, ಯಾವ ಬಾಗಿಲಲ್ಲಿ ನಿಲ್ಲಬೇಕು ಎಂಬುದನ್ನು ಆಮೇಲೆ ಆ ಮನೆಯವರು ನಿರ್ಧರಿಸುತ್ತಾರೆ. ಮುದ್ದೇಬಿಹಾಳದ ಖೋಲಿ ಸಿಕ್ಕರೆ ಆ ಮಾತು ಮುಗಿಯುವ ಮೊದಲೇ ಮಗಳೊಡನೆ ಹೋಗಿಬಿಡಬಹುದು. ಸಿಗದಿದ್ದರೆ ಇನ್ನೊಂದು ದಾರಿ ಅವಳಿಗೆ ಕಾಣಲಿಲ್ಲ.

ಊಟಕ್ಕೆ ಬಡಿಸುವಾಗ ಅವಳು ಗಂಡನ ಮುಂದೆ ಮಾತನ್ನು ಸುತ್ತಿ ಬಳಸಿ ತಂದು ನೋಡಿದಳು. ಮುದ್ದೇಬಿಹಾಳದ ಕಡೆ ಹೊಲಿಗೆ ಕಲಿಸುವವರಿಗೆ ಒಳ್ಳೆಯ ನೌಕರಿಯಂತೆ, ಇರಲು ಮನೆಯೂ ಕೊಡುತ್ತಾರಂತೆ ಎಂದಳು.

ಶ್ರೀಶೈಲ ತಟ್ಟೆಯಲ್ಲಿ ಬೆರಳಾಡಿಸಿದ. “ಅಲ್ಲೇ ಇರೂದು ಅಂದ್ರ? ಇಲ್ಲೇನ ಮನಿ ಬಿದ್ದೈತೇನ?”

ಮಾತು ಅಲ್ಲಿಗೆ ನಿಂತಿತು. ಮೊದಲು ನೌಕರಿ ಕೈಗೆ ಬರಲಿ, ಆಮೇಲೆ ಕಾಲು ಹಿಡಿದಾದರೂ ಒಪ್ಪಿಸೋಣವೆಂದು ಅವಳು ನಿಶ್ಚಯಿಸಿದಳು. ಸೋಮವಾರ ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು, ಒಳ್ಳೆಯ ಸೀರೆಯುಟ್ಟು, ತಾನು ಹೊಲಿದ ಎರಡು ರವಿಕೆಗಳನ್ನು ಚೀಲದಲ್ಲಿ ಮಡಿಸಿಟ್ಟು, ಯಾರೂ ಏಳುವ ಮೊದಲೇ ಹೊರಬಿದ್ದಳು. ದಿನದ ಬಸ್ಸು ಹಿಡಿದರೆ ಸಿಂದಗಿಯಿಂದ ಮುಂದಿನ ಬಸ್ಸು ಸಿಕ್ಕದು. ಅದಕ್ಕಿಂತ ಮೊದಲಿನ ಬಸ್ಸೇ ಬೇಕಾಗಿತ್ತು.

ಕ್ರಾಸಿನಲ್ಲಿ ಸುನಂದಾ ಮೊಸರಿನ ಬುಟ್ಟಿ ಇಳಿಸಿಕೊಂಡು ಕುಳಿತಿದ್ದಳು. ಸಂತೆಗೆ ಹೊರಟ ಇನ್ನಿಬ್ಬರು ಇದ್ದರು. ಗುರಪ್ಪ ಆಗಲೇ ಕುರ್ಚಿಯಲ್ಲಿದ್ದ. ಅವನ ಕಣ್ಣು ಮೊದಲು ಸೀರೆಯ ಮೇಲೆ, ಆಮೇಲೆ ಚೀಲದ ಮೇಲೆ ಇಳಿಯಿತು.

“ಯಾಕ ಭುವನವ್ವ, ಇವತ್ತ ಇಷ್ಟ ಲಗೂ?”

“ಹೊಲಿಗಿ ಬಾಳ ಬಂದಾವ್ರಿ ಮಾವಾರ.”

“ಹೊಲಿಗಿ ಹೊಲ್ಯಾಕ ಇಂಥಾ ಸೀರಿ?”

ಸಂತೆಯ ಹೆಂಗಸರು ಕಿಸಕ್ಕನೆ ನಕ್ಕರು. ಭುವನೇಶ್ವರಿ ಉತ್ತರ ಹುಡುಕುವುದರೊಳಗೆ ಗುರಪ್ಪ ಅಂಗಿಯ ಜೇಬಿನಿಂದ ಫೋನು ತೆಗೆದಿದ್ದ. ಅವನ ದನಿಯಲ್ಲಿ ಹಗೆಯಿರಲಿಲ್ಲ, ಕರ್ತವ್ಯವಿತ್ತು.

“ಶ್ರೀಶೈಲಾ, ಸುಮ್ನ ಕೇಳಾಕ ಮಾಡೇನಪಾ. ನಿಮ್ಮಾಕಿ ಇಲ್ಲಿ ಬಂದು ನಿಂತಾಳ, ನಿನಗ ಗೊತ್ತೈತೇನ? ಇಲ್ಲ? ಹಂ, ಹಂ. ಬಾ, ಬಾ. ನಾ ಇಲ್ಲೇ ಅದೇನಿ.”

“ಮಾವಾರ, ನಿಮ್ಮ ಕಾಲಿಗಿ ಬೀಳತೇನ್ರಿ,” ಎಂದಳು ಭುವನೇಶ್ವರಿ. ಸುಳ್ಳನ್ನು ಬಿಟ್ಟು ಇದ್ದದ್ದನ್ನೇ ಹೇಳಿದಳು: ಮುದ್ದೇಬಿಹಾಳ, ಹೊಲಿದು ತೋರಿಸುವುದು, ಹನ್ನೊಂದಕ್ಕೆ ಹಾಕುವ ಬಾಗಿಲು. “ನೌಕರಿ ಸಿಕ್ರ ನಾನs ಮನ್ಯಾಗ ಹೇಳತೇನ್ರಿ. ಇದೊಂದು ಬಸ್ಸಿಗಿ ಕೈ ಮಾಡ್ರಿ.”

“ನಾ ಬ್ಯಾಡ ಅಂದೆನೇನವಾ? ನಿನ್ನ ಗಂಡ ಬಂದು ಹೂಂ ಅನ್ಲಿ, ಎರಡೂ ಕೈ ಮಾಡ್ತೇನಿ. ನಾಳಿ ಮಂದಿ, ಗುರಪ್ಪ ಇದ್ದೂ ಹಿಂಗಾತಲಾ ಅನಬಾರದು.”

ಅವಳು ದಾರಿ ದಾಟಿ ಜೈನುದ್ದೀನನ ಅಂಗಡಿಗೆ ಓಡಿದಳು. ಅವನು ಟೈರಿನೊಳಗಿನ ಟ್ಯೂಬು ಎಳೆಯುತ್ತಿದ್ದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಅಣ್ಣಾ, ನೀವರ ಒಂದ ಸಲ ಕೈ ಮಾಡ್ರಿ.”

ಜೈನುದ್ದೀನ ಟ್ಯೂಬಿನಿಂದ ಕಣ್ಣೆತ್ತಲಿಲ್ಲ. “ನಿಮ್ಮ ಮನಿ ಮಾತಿನ್ಯಾಗ ನಾ ಕೈ ಎತ್ತಿದ್ರ ನಾಳಿ ಈ ಅಂಗಡಿ ಇಲ್ಲಿರೂದಿಲ್ಲ, ಅಕ್ಕಾ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ.”

ಅವನ ಮೇಲೆ ಅವಳಿಗೆ ಸಿಟ್ಟೂ ಬರಲಿಲ್ಲ. ಕನ್ನೊಳ್ಳಿಯ ತಿರುವಿನಲ್ಲಿ ಬಸ್ಸಿನ ನೆತ್ತಿ ಕಂಡಿತು. ಗುರಪ್ಪ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಆಕಾಶ ನೋಡುತ್ತ ಕುಳಿತ. ಭುವನೇಶ್ವರಿ ದಾರಿಗೆ ಇಳಿದು ಕೈ ಎತ್ತಿದಳು. ಬಸ್ಸು ಬಂತು, ಅವಳು ಸರಿಯಲಿಲ್ಲ. ಇನ್ನೊಂದು ಕೈಯನ್ನೂ ಎತ್ತಿದಳು. ಹಾರ್ನು ಕಿವಿ ಸೀಳಿತು. ಬಸ್ಸು ಎಡಕ್ಕೆ ಹೊರಳಿ, ಅವಳ ಸೆರಗನ್ನು ಗಾಳಿಗೆ ಎಳೆದು, ಹಾದುಹೋಯಿತು. ಒಳಗೆ ಅರ್ಧಕ್ಕರ್ಧ ಸೀಟುಗಳು ಖಾಲಿಯಿದ್ದವು. ಹಿಂದಿನ ಕಿಟಕಿಯಲ್ಲಿದ್ದ ಹೆಂಗಸೊಬ್ಬಳು ಇವಳನ್ನು ಹೊರಳಿ ನೋಡಿದಳು.

ಧೂಳು ಕೂರುವ ಮೊದಲೇ ಸುನಂದಾ ಎದ್ದು ಬಂದಳು. ಅವಳು ತನ್ನ ಭುಜ ಹಿಡಿಯಲು ಬರುತ್ತಿದ್ದಾಳೆಂದು ಭುವನೇಶ್ವರಿ ತಿಳಿದಳು.

“ನಿನ್ನ ಸಲುವಾಗಿ ನಮ್ಮ ಬಸ್ಸೂ ಹೋತಲ್ಲಬೇ! ಈ ಬಿಸಲಾಗ ಮಸರ ಹುಳಿ ಆದ್ರ ಯಾರ ಮನಿಗಿ ಒಯ್ಯಲಿ? ಮನ್ಯಾಗ ಒಂದ ಮಾತ ಹೇಳಿ ಬಂದಿದ್ರ ನಿನ್ನ ಗಂಟೇನ ಹೋಗತಿತ್ತು?”

“ಅಕ್ಕಾ, ಬಸ್ ನಿಂದರಸದಂವ ಗುರಪ್ಪ ಮಾವ, ನಾ ಅಲ್ಲ.”

“ಅವ ದಿನಾ ನಿಂದರಸ್ತಾನ. ಇವತ್ತ ನಿಂದರಲಿಲ್ಲ ಅಂದ್ರ ನಿನ್ನಿಂದನs.”

ಸಂತೆಯ ಹೆಂಗಸರೂ ಹೌದೆಂದು ತಲೆಯಾಡಿಸಿದರು. ಅವರಲ್ಲಿ ಒಬ್ಬಳು ಗುರಪ್ಪನತ್ತ ತಿರುಗಿ, “ಮಾವಾರ, ಮುಂದಿನದಕ್ಕರ ಕೈ ಮಾಡ್ರೆಪಾ, ನಾವು ಹೇಳಿ ಬಂದೇವಿ,” ಎಂದಳು. ಭುವನೇಶ್ವರಿಗೆ ಆ ಬಸ್ಸಿಗಿಂತಲೂ ಈ ಮಾತು ದೊಡ್ಡದಾಗಿ ಹಾದುಹೋದಂತಾಯಿತು. ಅವಳು ಚೀಲವನ್ನು ಎದೆಗೆ ಅವಚಿಕೊಂಡು ಸಿಂದಗಿಯ ಕಡೆಗೆ ನಡೆಯತೊಡಗಿದಳು.

ಸ್ವಲ್ಪ ದೂರ ನಡೆದಿದ್ದಳು. ಹಿಂದಿನಿಂದ ಬಂದ ಬೈಕು ಅವಳ ನಡಿಗೆಗೆ ಸರಿಯಾಗಿ ನಿಧಾನವಾಯಿತು.

“ಹತ್ತು,” ಎಂದ ಶ್ರೀಶೈಲ.

ಅವಳು ನಿಂತಳು. ಗಂಡನಿಗೂ ಇದ್ದದ್ದನ್ನೆಲ್ಲ ಹೇಳಿದಳು. ಅವನು ಬಯ್ಯಲಿಲ್ಲ, ಪೆಟ್ರೋಲ್ ಟಾಕಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತ ಹೇಳಿದ.

“ಹೇಳಿದ್ರ ನಾನs ಬಿಟ್ಟ ಬರತಿದ್ನೆಲಾ.”

ಅವಳು ಬೈಕಿನ ಹಿಡಿಕೆ ಹಿಡಿದಳು. “ಈಗರ ಬಿಡ್ರಿ ಹಂಗಾರ. ಬೈಕ್ ಮ್ಯಾಲ ಹೋದ್ರ ಹನ್ನೊಂದರೊಳಗ ಮುಟ್ಟತೇವ್ರಿ.”

ಶ್ರೀಶೈಲ ತಿರುಗಿ ಕ್ರಾಸಿನ ಕಡೆ ನೋಡಿದ. ಗುಲಾಬಿ ಗೋಡೆಯ ಮುಂದೆ ಗುರಪ್ಪ ಎದ್ದು ನಿಂತು ಇತ್ತಲೇ ನೋಡುತ್ತಿದ್ದ, ಹೆಂಗಸರೂ ನೋಡುತ್ತಿದ್ದರು, ಹಾಲಿನ ಗಾಡಿಯವನೊಬ್ಬ ಅವರ ಬಳಿ ನಿಂತು ಏನಾಯಿತೆಂದು ಕೇಳುತ್ತಿದ್ದ.

“ಈಗ ಹೆಂಗ ಆಗತೈತಿ? ಮಂದಿ ನೋಡಾಕತ್ತಾರ.”

“ನೋಡ್ಲಿರಿ.”

“ಓಡಿ ಹೊಂಟಾಕೀನ ಗಂಡನs ಬಿಟ್ಟ ಬಂದ ಅಂತಾರ.” ಅವನು ಬೈಕನ್ನು ಊರಿನ ಕಡೆ ತಿರುಗಿಸಿದ. “ಹತ್ತು. ಅವ್ವ ಇನ್ನೂ ಚಾ ಕುಡದಿಲ್ಲ.”

ಅವಳು ಹತ್ತಿದಳು. ಕ್ರಾಸನ್ನು ದಾಟುವಾಗ ಗುರಪ್ಪ, “ಸುಸೂತ್ರ ಆತಲಾ,” ಎಂದದ್ದು ಕೇಳಿಸಿತು. ಶ್ರೀಶೈಲ ಅವನಿಗೆ ತಲೆ ಬಾಗಿಸಿದ.

ಮಧ್ಯಾಹ್ನ ವಸುಧಾ ಫೋನು ಮಾಡಿದರು. “ಬರಬೇಕಿತ್ತಲ್ರೀ ಭುವನೇಶ್ವರಿ. ಬಾಗಲದಾಗೇ ನಿಂತಿದ್ದೆ,” ಎಂದರು. ಏನಾಯಿತೆಂದು ಕೇಳಿ ತಿಳಿದುಕೊಂಡರು. ಆಮೇಲೆ ಸಣ್ಣಗೆ, “ಇದನ್ನ ಯಾವ ಕಾಯ್ದೆ ಕಲಮಿನ್ಯಾಗ ಬರೀಲಿ ನಾನು?” ಎಂದರು. ಸಂಜೆ ಇಂಗಳೇಶ್ವರದ ಅಣ್ಣನಿಗೆ ಅವಳೇ ಫೋನು ಹಚ್ಚಿದಳು. ಅವನು ಎಲ್ಲವನ್ನೂ ಕೇಳಿ, “ಬಡದಿಲ್ಲ ಬಯ್ದಿಲ್ಲ, ಒಳ್ಳೆ ಮನಶ್ಯಾ ಅದಾನ. ಹೊಂದಕೊಂಡ ಹೋಗು ತಂಗಿ,” ಎಂದ.

ಸೃಷ್ಟಿಯ ಮಾತು ಅದೇ ತಿಂಗಳು ಮುಗಿಯಿತು. ಎಲೆಯಡಿಕೆ, ಸಕ್ಕರೆ, ಹುಡುಗಿಗೊಂದು ಸೀರೆ. ಅದನ್ನುಡುವ ವಯಸ್ಸು ಅವಳಿಗಿನ್ನೂ ಬಂದಿರಲಿಲ್ಲವಾದ್ದರಿಂದ ಪೆಟ್ಟಿಗೆಯಲ್ಲಿಟ್ಟರು. ಶಾಲೆಯ ಮಾತು ಬಂದಾಗ ಲಕ್ಕವ್ವ ಎಲ್ಲರೂ ಬೆರಗಾಗುವಷ್ಟು ಉದಾರಳಾದಳು.

“ಹೋಗ್ಲಿ, ಹತ್ತನೇತ್ತಾ ತನಕಾ ಸಿಂದಗಿಗಿ ಹೋಗಿ ಬರ್ಲಿ. ಬಸ್ ಪುಕ್ಕಟ ಐತಿ, ಸಾಲಿ ಪುಕ್ಕಟ ಐತಿ, ಕ್ರಾಸಿನ್ಯಾಗ ಗುರಪ್ಪ ಅದಾನ. ಮತ್ತೇನ ಬೇಕು?”

ಭುವನೇಶ್ವರಿಯನ್ನೂ ಮತ್ತೆ ಕೆಲಸಕ್ಕೆ ಬಿಟ್ಟರು. ಆ ಸೋಮವಾರದ ನಂತರ ಮನೆಯಲ್ಲಿ ಕುಳ್ಳಿರಿಸಿದ್ದ ದಿನಗಳಲ್ಲಿ ಕಿಟಕಿಯ ಪಕ್ಕದ ಮಿಷಿನ್ನು ಬೇರೆಯವರ ಪಾಲಾಗಿತ್ತು. ಕೇಂದ್ರದವರು ಮೂಲೆಯಲ್ಲಿ ಗುಂಡಿ ಹಚ್ಚುವ ಕೆಲಸ ಕೊಟ್ಟರು. ಅವಳು ಬೇಡವೆನ್ನಲಿಲ್ಲ.

ಶಾಲೆ ತೆರೆದ ಮೊದಲ ದಿನ ತಾಯಿ ಮಗಳು ಜೊತೆಯಾಗಿ ಕ್ರಾಸಿಗೆ ಬಂದರು. ರಾತ್ರಿ ಹನಿದ ಮಳೆಗೆ ಎರೆಮಣ್ಣು ಚಪ್ಪಲಿಗೆ ಮೆತ್ತುತ್ತಿತ್ತು. ಸುನಂದಾ ಬುಟ್ಟಿ ಸರಿಸಿ ಜಾಗ ಕೊಟ್ಟಳು. ಹಿಂದಿನದು ಅವಳ ಮನಸ್ಸಿನಲ್ಲಿ ಉಳಿದಿರಲಿಲ್ಲ. ಗುರಪ್ಪ ಕುರ್ಚಿಯಲ್ಲಿದ್ದ. ಅವನು ಕೇಳುವ ಪ್ರಶ್ನೆಗೆ ಇಂದು ಮಗಳ ಪರವಾಗಿಯೂ ಉತ್ತರ ಹೇಳಬೇಕೆಂದು ಭುವನೇಶ್ವರಿ ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಸೃಷ್ಟಿ ಮುಂದೆ ಹೋದಳು. ಸಮವಸ್ತ್ರದ ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ನೆಲಕ್ಕಿಟ್ಟು, ಇಂಪಾದ ದನಿಯಲ್ಲಿ ಒಪ್ಪಿಸಿದಳು:

“ಸಾಲಿಗಿ ಹೊಂಟೇನ್ರಿ ಮುತ್ಯಾ. ಮನ್ಯಾಗ ಎಲ್ಲಾರಿಗೂ ಹೇಳಿ ಬಂದೇನ್ರಿ. ಸಾಲಿ ಬಿಟ್ಟ ಕೂಡ್ಲೆ ಇದs ಬಸ್ಸಿಗಿ ಬರ್ತೇನ್ರಿ. ಎಲ್ಲೂ ಇಳಿಯೂದಿಲ್ರಿ.”

“ಶಾಣ್ಯಾ ಕೂಸು!” ಎಂದು ಗುರಪ್ಪ ಮನಸಾರೆ ಮೆಚ್ಚಿದ. “ನೋಡ್ರಿ, ಕೇಳೂದರೊಳಗ ಹೇಳತು.”

ಹೆಂಗಸರೆಲ್ಲ ಹುಡುಗಿಯನ್ನು ಮೆಚ್ಚಿ ನೋಡಿದರು. ಅವಳಿಗೆ ಇದನ್ನು ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಗುರಪ್ಪ ಎದ್ದು ಅಂಗಿಯ ತೋಳು ಸರಿಮಾಡಿಕೊಂಡು ಕೈ ಮಾಡಿದ. ಬಸ್ಸು ನಿಂತಿತು. ಸೃಷ್ಟಿ ಎಲ್ಲರಿಗಿಂತ ಮೊದಲು ಹತ್ತಿ, ತಾಯಿಗಾಗಿ ಸೀಟು ಹಿಡಿದಳು.